ಬಳೆಯ ಬೆಸುಗೆ



ಸೀಮಂತದಲ್ಲಿ ಹೆಂಗಳೆಯರು ಹಸಿರು ಗಾಜಿನ ಬಳೆ ತೊಡುವುದನ್ನು ನೀವು ನೋಡಿದ್ದೀರಲ್ಲವೇ? ನಮ್ಮ ದೇಶದ ಗಾಜಿನ ಬಳೆಗಳಲ್ಲಿ ಬಹುಪಾಲು ಹುಟ್ಟುವುದು ಆಗ್ರಾ ಬಳಿಯ ಫಿರೋಜಾಬಾದಿನಲ್ಲಿ.

ಬರೀ ಮರಳು ಕರಗಲು ಸುಮಾರು 1,700 ಡಿಗ್ರಿ ಶಾಖ ಬೇಕು. ಸೋಡಾ ಬೆರೆಸಿದರೆ ಅಷ್ಟು ಬೇಡ. ಆದರೆ ಸೋಡಾ ಮಾತ್ರ ಬೆರೆತ ಗಾಜು ನೀರಿಗೆ ಕರಗೀತು. ಸುಣ್ಣವೂ ಸೇರಿದರೇ ಬಾಳಿಕೆ. ಕಾದ ಗಾಜಿನ ಎಳೆಯನ್ನು ತಿರುಗುವ ಸಲಾಕೆಗೆ ಸ್ಪ್ರಿಂಗಿನಂತೆ ಸುತ್ತಿ ಕತ್ತರಿಸಿದಾಗ ಬಾಯಿ ತೆರೆದ ಬಳೆಗಳು ಸಿಗುತ್ತವೆ. ಆ ಬಾಯಿ ಕೂಡಿಸುವ ಕೆಲಸ ಹೆಚ್ಚಾಗಿ ನಡೆಯುವುದು ಕಾರ್ಮಿಕರ ಮನೆಗಳಲ್ಲಿ. ಪುಟ್ಟ ಜ್ವಾಲೆಯೆದುರು ಕುಳಿತು ಒಂದೊಂದನ್ನೇ ಬೆಸೆಯುತ್ತಾರೆ. ಎಷ್ಟೋ ಮಕ್ಕಳ ಬಾಲ್ಯವೂ ಅಲ್ಲಿ ಬೆಂದಿದೆ.

1996ರಲ್ಲಿ ತಾಜಮಹಲಿನ ಅಮೃತಶಿಲೆ ಉಳಿಸಲೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಫಿರೋಜಾಬಾದೂ ಸೇರಿದ ಆ ವಲಯದ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಅನಿಲ ಉರಿಸಬೇಕು, ಇಲ್ಲವೇ ಜಾಗ ತೆರವು ಮಾಡಬೇಕು ಎಂದಿತು. ಕಲ್ಲಿಗೊಂದು ಕಾವಲು ಸಿಕ್ಕಿತು. ಜ್ವಾಲೆ ನೋಡಿ ದಣಿದ ಕಣ್ಣುಗಳಿಗೆ?

ಮುಂದಿನ ಸಲ ಬಳೆ ಕೊಳ್ಳುವಾಗ ಚೌಕಾಸಿಗೆ ಮೊದಲು ಆ ಬೆಸುಗೆಯ ಗುರುತನ್ನೊಮ್ಮೆ ಬೆರಳಿನಿಂದ ಮುಟ್ಟಿನೋಡಿ. ಅದು ಯಂತ್ರದ್ದಲ್ಲ, ಒಬ್ಬರ ಕೈಯದು.