ಕನ್ನಡ ಕಲಿಯಬಂದ ಮಕ್ಕಳು

2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಇಲ್ಲವೆ ದ್ವಿತೀಯ ಭಾಷೆಯಾಗಿ ಕಲಿಸತಕ್ಕದ್ದೆಂದು ವಿಧಿಸಿತು. ಅದು ನ್ಯಾಯವಾದುದೇ. ಆದರೆ ಕಾನೂನು ಮಗುವಿನ ಕೈಗೆ ಪುಸ್ತಕವನ್ನು ಕೊಡಿಸಬಲ್ಲುದಲ್ಲದೆ ನಾಲಗೆಗೆ ನುಡಿಯನ್ನು ಕೊಡಿಸಲಾರದು.

ಬೆಂಗಳೂರಿನ ಯಾವುದಾದರೊಂದು ತರಗತಿಯನ್ನು ನೋಡಿರಿ. ತೆಲುಗು ಓದಬಲ್ಲ ಹುಡುಗನಿಗೆ ನಮ್ಮ ಲಿಪಿಯೂ ವಾಕ್ಯದ ಕಟ್ಟೂ ಅರ್ಧ ಪರಿಚಿತವೇ. ತಮಿಳು ಓದಿ ಬಂದವನಿಗೆ ವಾಕ್ಯವು ಸುಲಭ. ಕಕಾರ ಗಕಾರಗಳಿಗೆ ಒಂದೇ ಅಕ್ಷರವನ್ನು ಕಂಡವನಾದುದರಿಂದ ಬರವಣಿಗೆಯಲ್ಲಿ ಎಡವುತ್ತಾನೆ. ಹಿಂದಿಯ ಮನೆಯಿಂದ ಬಂದವಳಿಗೆ ಹ್ರಸ್ವವಾದ ಎಕಾರ ಒಕಾರಗಳೂ ಳಕಾರವೂ ಹೊಸವು.

ಇಷ್ಟೇ ಅಲ್ಲ, ಒಂದೇ ಮನೆಯ ಇಬ್ಬರು ಮಕ್ಕಳೂ ಒಂದೇ ಬಗೆಯಾಗಿ ಕಲಿಯರು. ಒಬ್ಬನು ತಪ್ಪೋ ಒಪ್ಪೋ ಮಾತನಾಡಿ ಬೀದಿಯಲ್ಲಿಯೇ ಭಾಷೆಯನ್ನು ಗಳಿಸುತ್ತಾನೆ. ಅವನ ತಂಗಿ, ನಕ್ಕಾರೆಂಬ ಅಂಜಿಕೆಯಿಂದ ಬಾಯಿ ತೆರೆಯದೆ, ಓದಿನಲ್ಲಿ ಮುಂದಾಗುತ್ತಾಳೆ. 1959ರಲ್ಲಿ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎಂಬ ವಿದ್ವಾಂಸರು ಕೆನಡದ ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ವಿದ್ಯಾರ್ಥಿಗಳನ್ನು ಪರಿಶೀಲಿಸಿ, ಸಹಜ ಶಕ್ತಿಯೊಂದು, ಕಲಿಯುವ ಹಂಬಲವೊಂದು, ಇವೆರಡೂ ಬೇರೆ ಬೇರೆಯಾಗಿಯೇ ಫಲವನ್ನು ನಿರ್ಧರಿಸುವುವೆಂದು ತೋರಿಸಿದರು. ಆ ಭಾಷೆಯ ಜನರೊಡನೆ ಬೆರೆಯಬೇಕೆಂಬ ಆಸೆಯುಳ್ಳವರಲ್ಲಿ ಹಂಬಲವು ಹೆಚ್ಚಾಗಿ ಕಂಡಿತು.

ಇದು ನಮಗೆ ಹೊಸ ಮಾತಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಅವರನ್ನು ಕನ್ನಡಕ್ಕೆ ಎಳೆತಂದುದು ಕಾನೂನಲ್ಲ, ಒಲುಮೆ.

ಹೀಗಿರಲು ಎಲ್ಲ ಮಕ್ಕಳನ್ನೂ ಒಂದೇ ಕೊಳಗದಲ್ಲಿ ಅಳೆಯುವುದು ಸರಿಯಲ್ಲ. ಹೊಸದಾಗಿ ಕನ್ನಡಕ್ಕೆ ಬಂದವರಿಗೆ ಮೊದಲ ಪಾಠಗಳು ಅವರವರ ಕೊರತೆಗೆ ತಕ್ಕವಾಗಿರಲಿ. ಬರೆಹದಷ್ಟೇ ಮಾತಿಗೂ ಅಂಕಗಳಿರಲಿ. ತರಗತಿಯಲ್ಲಿ ತಪ್ಪಿಗೆ ನಗುವ ರೂಢಿಯನ್ನು ಉಪಾಧ್ಯಾಯರು ನಿಲ್ಲಿಸಲಿ. ಇದಕ್ಕೆ ಬೇಕಾದ ತರಬೇತನ್ನೂ ಅವಕಾಶವನ್ನೂ ಉಪಾಧ್ಯಾಯರಿಗೆ ಒದಗಿಸುವುದು ವಿದ್ಯಾ ಇಲಾಖೆಯ ಕರ್ತವ್ಯ.

ನಮ್ಮ ಹೊಣೆಯೂ ಇಲ್ಲದಿಲ್ಲ. ಹೊರಗಿನವನೊಬ್ಬನು ತೊದಲು ಕನ್ನಡದಲ್ಲಿ ಬೆಲೆ ಕೇಳಿದರೆ ನಾವು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಉತ್ತರ ಕೊಡುತ್ತೇವೆ. ಶಾಲೆಯಲ್ಲಿ ಬಿತ್ತಿದುದನ್ನು ಬೀದಿಯಲ್ಲಿ ಒಣಗಿಸಿ, ಬಳಿಕ ಬೆಳೆ ಬರಲಿಲ್ಲವೆಂದು ಸರಕಾರವನ್ನು ದೂರಿದರೆ ಫಲವೇನು?