ಕಪಾಟಿನ ಬೀಗದ ಕೈ

ಬಂದೂಕಿನ ಮಾತು ಬಂದರೆ ಸಾಕು, ನಮ್ಮ ದೊಡ್ಡ ಭಾವನವರು ಸ್ವಿಟ್ಜರ್ಲೆಂಡನ್ನು ಎಳೆದು ತರುತ್ತಾರೆ. "ಅಲ್ಲಿ ಮನೆಮನೆಯಲ್ಲೂ ಬಂದೂಕು, ಆದರೂ ಕೊಲೆಗಳೇ ಇಲ್ಲ. ತಪ್ಪು ಬಂದೂಕಿನದಲ್ಲಮ್ಮ, ಮನುಷ್ಯನದು" ಎಂದು ಕಾಫಿ ಲೋಟ ಕೆಳಗಿಡುತ್ತಾರೆ. ಅವರ ಮಗ ಸುಮ್ಮನಿರುತ್ತಾನೆಯೇ? "ಜಪಾನಿನಲ್ಲಿ ಬಂದೂಕೂ ಇಲ್ಲ, ಕೊಲೆಯೂ ಇಲ್ಲವಲ್ಲಪ್ಪ" ಎನ್ನುತ್ತಾನೆ. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಇಬ್ಬರೂ ತಮಗೆ ಬೇಕಾದ ದೇಶವನ್ನು ಆರಿಸಿಕೊಂಡವರೇ.

ಸ್ವಿಟ್ಜರ್ಲೆಂಡನ್ನೇ ನೋಡಿ. 2017ರ ಅಂದಾಜಿನಂತೆ ಅಲ್ಲಿ ನೂರು ಜನಕ್ಕೆ ಸುಮಾರು 28 ಬಂದೂಕು, ಅಮೆರಿಕದಲ್ಲಿ 120. ಸ್ವಿಸ್ ಬಂದೂಕುಗಳಲ್ಲಿ ಹಲವು ಸೈನ್ಯದ ತರಬೇತಿ ಪಡೆದವರ ಮನೆಯವು. ಅವರ ಮನೆಯಲ್ಲಿಡಲು ಕೊಡುತ್ತಿದ್ದ ಗುಂಡುಗಳನ್ನು 2007ರ ನಂತರ ಸರ್ಕಾರವೇ ಬಹುಪಾಲು ವಾಪಸು ಪಡೆಯಿತು. ಭಾವನವರು ಇದನ್ನು ಹೇಳುವುದಿಲ್ಲ. ಹಾಗೆಂದು ಮಗ ಗೆದ್ದಂತೆಯೂ ಅಲ್ಲ. ಎಲ್ ಸಾಲ್ವಡಾರಿನಲ್ಲಿ ಅದೇ ಅಂದಾಜಿನಂತೆ ನೂರು ಜನಕ್ಕೆ 12 ಬಂದೂಕು. 2015ರಲ್ಲಿ ಅಲ್ಲಿ ಲಕ್ಷಕ್ಕೆ ನೂರಕ್ಕೂ ಹೆಚ್ಚು ಮಂದಿ ಕೊಲೆಯಾದರು. ಗ್ಯಾಂಗುಗಳು ಬಡಿದಾಡುವ ದೇಶವನ್ನೂ ನೆಮ್ಮದಿಯಾಗಿ ಉಂಡುಡುವ ದೇಶವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಯಾವ ಉತ್ತರ ಬೇಕಾದರೂ ಬರುತ್ತದೆ.

ನನ್ನ ತಕರಾರು ಬೇರೆ. ಈ ಅಪ್ಪ ಮಗನ ಜಗಳದಲ್ಲಿ ಮನೆಯೊಳಗಿನ ಲೆಕ್ಕ ಬರುವುದೇ ಇಲ್ಲ. ಅಮೆರಿಕದಲ್ಲಿ 2021ರಲ್ಲಿ ಗುಂಡಿಗೆ ಸತ್ತವರು 48,830. ಅವರಲ್ಲಿ 26,000ಕ್ಕೂ ಹೆಚ್ಚು ಮಂದಿ ತಾವೇ ಜೀವ ಕಳೆದುಕೊಂಡವರು. ಕೊಲೆಯ ಪಟ್ಟಿ ಮಾತ್ರ ಓದಿದವರಿಗೆ ಅವರು ಸತ್ತದ್ದೇ ತಿಳಿಯುವುದಿಲ್ಲ.

ಇನ್ನು ಹೆಂಗಸರು. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ನೂರು ಹೆಂಗಸರಲ್ಲಿ 60 ಮಂದಿಯನ್ನು ಕೊಂದವರು ಗಂಡ, ಸಂಗಾತಿ, ಇಲ್ಲವೇ ಮನೆಯವರು. ಗಂಡಸರಲ್ಲಿ ಹೀಗೆ ಸತ್ತವರು ನೂರಕ್ಕೆ ಹನ್ನೆರಡರಷ್ಟು. ಕಳ್ಳರಿಂದ ಹೆಂಡತಿ ಮಕ್ಕಳನ್ನು ಕಾಪಾಡಲು ಬಂದೂಕು ಬೇಕು ಎನ್ನುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾರೆಯೇ?

ನರ್ಸಿಂಗ್ ಪ್ರಾಧ್ಯಾಪಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ದೇಶದೇಶಗಳನ್ನು ಹೋಲಿಸುವ ಗೋಜಿಗೆ ಹೋಗಲಿಲ್ಲ. ಅಮೆರಿಕದ 11 ನಗರಗಳಲ್ಲಿ, ಸಂಗಾತಿಯಿಂದ ಕೊಲೆಯಾದವರನ್ನೂ ಏಟು ತಿಂದು ಬದುಕಿದವರನ್ನೂ ಹೋಲಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಹೊಡೆಯುವವನ ಕೈಗೆ ಬಂದೂಕು ಸಿಗುವಂತಿದ್ದರೆ ಅವಳು ಸಾಯುವ ಸಂಭವ ಐದು ಪಟ್ಟು. ಹೋಲಿಕೆ ಎಂದರೆ ಇದು. ಮನುಷ್ಯ ಕೆಟ್ಟವನೇ, ಒಪ್ಪಿದೆ. ಕೆಟ್ಟವನ ಕೈಗೆ ಏನು ಸಿಗುತ್ತದೆ ಎಂಬುದೂ ಮುಖ್ಯವಲ್ಲವೇ?

ನಮ್ಮಲ್ಲಿ ಬಂದೂಕು ಕಡಿಮೆ ಎಂದು ಬೀಗುವವರಿಗೂ ಒಂದು ಮಾತು. 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅದೇ ವರ್ಷದ 6,450 ವರದಕ್ಷಿಣೆ ಸಾವಿನ ಪ್ರಕರಣಗಳು ಇದರಲ್ಲಿ ಸೇರಿಲ್ಲ. ಅವಕ್ಕೆ ಬೇರೆಯೇ ಕಲಮು, ಬೇರೆಯೇ ಪಟ್ಟಿ. ಇನ್ನೊಂದು ದೇಶದ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸುವಾಗ ಆ ಹೆಣ್ಣುಮಕ್ಕಳನ್ನು ಹೊರಗೇ ಬಿಟ್ಟು ನಿಲ್ಲಿಸುತ್ತೇವೆ.

ಮುಂದಿನ ಸಲ ಭಾವನವರು ಬಂದಾಗ ಕಾಫಿ ಕೊಟ್ಟು ಕೇಳಬೇಕೆಂದಿದ್ದೇನೆ: ಆ ಸ್ವಿಟ್ಜರ್ಲೆಂಡಿನ ಮನೆಯಲ್ಲಿ ಬಂದೂಕಿನ ಕಪಾಟಿನ ಬೀಗದ ಕೈ ಯಾರ ಹತ್ತಿರ ಇರುತ್ತದಂತೆ?