ಹಲಸಿನ ತೊಳೆ ಕರೆದರೂ ಹೋಗದ ಹುಡುಗ!



‘ಪೈಲ್ವಾನ್’ ತೆರೆಗೆ ಬಂದಿದ್ದು 2019ರಲ್ಲಿ. ಆ ಚಿತ್ರದಲ್ಲಿ ಕಿಚ್ಚ ಸುದೀಪ್ ಕುಸ್ತಿಪಟುವಾಗಿ ಮೈ ತೋರಿಸಿ ನಿಂತರಲ್ಲ, ಅದು ನಮ್ಮ ಹುಡುಗರ ನಿದ್ದೆ ಕೆಡಿಸೋದು ಇವತ್ತಿಗೂ ನಿಂತಿಲ್ಲ. ಚೇಳೂರು ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಸೇರಿದ್ರೆ ಸಾಕು, “ಗುರೂ, ಅನ್ನ ಮುದ್ದೆ ಬಿಟ್ರೆ ಸಿಕ್ಸ್ ಪ್ಯಾಕ್ ಬರುತ್ತಂತೆ, ಹೌದಾ?” ಅನ್ನೋ ಮಾತೇ ಮಾತು. ಈ ಪ್ರಶ್ನೆ ಈಗ ನೇರ ನನ್ನ ಕಡೆ ತಿರುಗಿದೆ. ಯಾಕೆಂದ್ರೆ ನಾಲ್ಕು ತಿಂಗಳಿಂದ ನಾನು ಒಂದೇ ಮುದ್ದೆಯ ಗಿರಾಕಿ!

ನಾನು ಡಾಕ್ಟರಲ್ಲ ಸ್ವಾಮೀ. ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು. ನನಗೆ ಸಿಕ್ಸ್ ಪ್ಯಾಕೂ ಬೇಡ, ಯಾವ ನಿರ್ಮಾಪಕರೂ ನನಗಾಗಿ ಕಾದು ಕೂತಿಲ್ಲ. ನನ್ನ ಕಥೆಯೇ ಬೇರೆ. ಸಕ್ಕರೆ ಕಾಯಿಲೆ ನಮ್ಮಪ್ಪನ ಬಲಗಾಲಿನ ಎರಡು ಬೆರಳು ತಗೊಂಡು ಹೋಯ್ತು. ಆಮೇಲೆ ನಾನೂ ರಕ್ತ ಪರೀಕ್ಷೆ ಮಾಡಿಸ್ದೆ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂತು. 5.7ಕ್ಕಿಂತ ಕಡಿಮೆ ಇದ್ರೆ ಕ್ಷೇಮ, 6.5 ಮುಟ್ಟಿದ್ರೆ ಕಾಯಿಲೆ, ನಡುವೆ ಇರೋದು ಗಡಿ. ಇಪ್ಪತ್ತೆಂಟನೇ ವಯಸ್ಸಿಗೆ ನಾನು ಗಡಿಯಲ್ಲಿ ನಿಂತ ಸಿಪಾಯಿ!

ಮೊದಲು ಖಳನಾಯಕ ಯಾರು ಅಂತ ತಿಳ್ಕೊಳ್ಳೋಣ. ಅನ್ನ, ಮುದ್ದೆ, ಇಡ್ಲಿ, ಹಣ್ಣು, ಬೆಲ್ಲ... ಇವುಗಳಲ್ಲಿರೋ ಪಿಷ್ಟ ಮತ್ತು ಸಿಹಿ ಹೊಟ್ಟೆಗೆ ಹೋಗಿ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತೆ. ಇನ್ಸುಲಿನ್ ಅನ್ನೋದು ಟಾಕೀಸಿನ ಗೇಟ್‌ಕೀಪರ್ ಇದ್ದಂಗೆ. ಬಾಗಿಲು ತೆಗೆದು ಸಕ್ಕರೆಯನ್ನ ಒಳಗೆ ಬಿಡೋ ಕೆಲಸ ಅದರದ್ದು. ದಿನಾ ಹೌಸ್‌ಫುಲ್ ಆದ್ರೆ ಗೇಟ್‌ಕೀಪರ್ ಕೂಗಿದ್ದು ಯಾರಿಗೂ ಕೇಳ್ಸೋಲ್ಲ, ಜನ ಎಲ್ಲ ಬೀದಿಯಲ್ಲೇ ನಿಲ್ತಾರೆ. ಸಕ್ಕರೆ ರಕ್ತದಲ್ಲೇ ಉಳಿಯೋದು ಹೀಗೆ. ಜನ ಕಡಿಮೆ ಬಂದ್ರೆ ಗೇಟು ಸಲೀಸು. ಕಡಿಮೆ ಪಿಷ್ಟದ ಊಟ ಅಂದ್ರೆ ಇಷ್ಟೇ.

“ರಾಗಿಯಲ್ಲಿ ಸಕ್ಕರೆ ಇಲ್ಲ, ಎಷ್ಟು ಬೇಕಾದ್ರೂ ತಿನ್ನಬಹುದು” ಅಂತ ನಮ್ಮ ಕಡೆ ನಂಬಿಕೆ. ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದಂಶ ಜಾಸ್ತಿ, ಒಪ್ಪಿದೆ. ಆದ್ರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಪಿಷ್ಟವೇ ಸುಮಾರು 67 ಗ್ರಾಂ. ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಅಂತ ಹಿಡಿದ್ರೂ 50 ಗ್ರಾಂ ಪಿಷ್ಟ ಆಯ್ತು. ಎರಡು ಮುದ್ದೆ ನುಂಗಿ, ಮೇಲೆ ಅನ್ನ ಹಾಕಿಸ್ಕೊಂಡ್ರೆ ಲೆಕ್ಕ ನೀವೇ ಮಾಡಿ. ದಿನಕ್ಕೆ ನಾಲ್ಕು ಟೀ, ಟೀಗೆ ಎರಡು ಚಮಚ ಸಕ್ಕರೆ ಅಂದ್ರೆ ಅದೇ ಮೂವತ್ತು ಗ್ರಾಂ ದಾಟುತ್ತೆ!

ಹಾಗಂತ ಮುದ್ದೆಗೆ ಸಂಪೂರ್ಣ ಬಹಿಷ್ಕಾರ ಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನದ ಪ್ರಕಾರ ನಾವು ಭಾರತೀಯರು ಶೇ. 62ರಷ್ಟು ಶಕ್ತಿಯನ್ನ ಪಿಷ್ಟದಿಂದಲೇ ಪಡೀತೀವಿ. 18,090 ಜನರ ಊಟ ಲೆಕ್ಕ ಹಾಕಿ 2022ರಲ್ಲಿ ಅದೇ ಅಧ್ಯಯನದವರು ಹೇಳಿದ್ದು ಏನು? ನನ್ನಂಥ ಗಡಿಯವರು ಅದನ್ನ ಶೇ. 50-56ಕ್ಕೆ ಇಳಿಸಿ, ಪ್ರೋಟೀನ್ ಹೆಚ್ಚಿಸಿದ್ರೆ ವಾಪಸ್ ಬರೋ ದಾರಿ ಇದೆ ಅಂತ. ಅಂದ್ರೆ ಎರಡು ಮುದ್ದೆ ಇದ್ದ ಕಡೆ ಒಂದು. ಖಾಲಿಯಾದ ಜಾಗಕ್ಕೆ ಸೊಪ್ಪು, ಕಾಳು, ಮೊಟ್ಟೆ. ಬಸ್ಸಾರು ಎಷ್ಟು ಬೇಕಾದ್ರೂ ಸುರ್ಕೊಳ್ಳಿ, ಯಾರೂ ಬೇಡ ಅನ್ನಲ್ಲ.

* * *

ಹೇಳೋದು ಸುಲಭ. ಆದ್ರೆ ಇದು ಚೇಳೂರು ಕಣ್ರೀ! ಹಲಸಿನ ಊರು. ಹಣ್ಣಿನ ಕಾಲ ಬಂದ್ರೆ ಸಂತೆಗೆ ಹೋಗೋ ಮೊದಲೇ ಮೂಗಿಗೆ ಆಹ್ವಾನ ಪತ್ರಿಕೆ ತಲುಪುತ್ತೆ. ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಹುಟ್ಟಿದ್ದು ನಮ್ಮೂರಿನ ತೋಟದಲ್ಲೇ. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಅದನ್ನ ಗುರುತಿಸಿ, 2017ರಲ್ಲಿ ದೇಶಕ್ಕೇ ಪರಿಚಯಿಸಿದ್ರು. ಸ್ಟಾರ್ ಆಗೋಕೆ ಇನ್ನೇನು ಬೇಕು? ಆದರೆ ಹಲಸಿನ ಹಣ್ಣು ನೂರು ಗ್ರಾಂ ತಿಂದ್ರೆ ಪಿಷ್ಟ, ಸಿಹಿ ಸೇರಿ 23 ಗ್ರಾಂ. ಹಲಸು ಯಾವತ್ತಾದ್ರೂ ನೂರು ಗ್ರಾಮಿಗೆ ನಿಂತಿದ್ದುಂಟಾ?

ಸೋದರತ್ತೆ ತಟ್ಟೆ ತುಂಬ ತೊಳೆ ಬಿಡಿಸಿಟ್ಟು, “ಏನ್ಲಾ ಮಗಾ, ಒಂದು ತೊಳೆ ತಿಂದ್ರೆ ಸತ್ತೋಗ್ತೀಯೇನ್ಲಾ? ಕಡ್ಡಿ ಆಗೋಗಿದೀಯ!” ಅಂತಾರೆ. ಈ ಡೈಲಾಗಿಗೆ ಎದುರು ಡೈಲಾಗ್ ಹೊಡೆಯೋ ನಟ ಇನ್ನೂ ಹುಟ್ಟಿಲ್ಲ. ತುಮಕೂರಿಗೆ ಹೋದ್ರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಕರಗ್ತಾ ಕಣ್ಣು ಹೊಡೆಯುತ್ತೆ. ಮದುವೆ ಮನೆಗೆ ಹೋದ್ರೆ ಹೋಳಿಗೆ. ನಾಲ್ಕೂ ದಿಕ್ಕಿನಿಂದ ರೌಡಿಗಳು ಮುತ್ತಿಗೆ ಹಾಕಿದಂಗೆ!

ನಾನು ಹಿಡಿದ ಉಪಾಯ ಹೇಳ್ತೀನಿ, ಬೇಕಾದ್ರೆ ನೋಡಿ. ಒಂದು: ಹಸಿದು ಯಾವ ಮನೆಗೂ ಹೋಗಲ್ಲ. ‘ಹಸಿದು ಹಲಸು, ಉಂಡು ಮಾವು’ ಅನ್ನೋ ಗಾದೆಯೇ ಇದೆಯಲ್ಲ, ಹಸಿದವನ ಕೈಗೆ ಹಲಸು ಸಿಕ್ಕಿದ್ರೆ ಬೀಜ ಮಾತ್ರ ಉಳಿಯುತ್ತೆ! ಹೊರಡೋ ಮೊದಲು ಎರಡು ಬೇಯಿಸಿದ ಮೊಟ್ಟೆ, ಇಲ್ಲ ಒಂದು ಹಿಡಿ ಕಡ್ಲೇಕಾಯಿ. ಎರಡು: ವಾದ ಮಾಡಲ್ಲ. “ಅತ್ತೇ, ಅಪ್ಪನ ಕಾಲು ನೋಡಿದೀಯಲ್ಲ” ಅಂತೀನಿ ಅಷ್ಟೇ. ಅತ್ತೆ ತಟ್ಟೆ ಪಕ್ಕಕ್ಕೆ ಸರಿಸ್ತಾರೆ. ಮೂರು: ಆಸೆಯನ್ನ ಸಾಯಿಸಲ್ಲ, ಅದಕ್ಕೆ ಡೇಟ್ಸ್ ಕೊಡ್ತೀನಿ. ಭಾನುವಾರ ಮಧ್ಯಾಹ್ನ ಮುದ್ದೆ ಬದಲು ನಾಲ್ಕು ತೊಳೆ, ಎಣಿಸಿ. ಉಳಿದ ಆರು ದಿನ ಹಲಸಿಗೆ ನನ್ನ ಕಾಲ್‌ಶೀಟ್ ಇಲ್ಲ.

ತಪ್ಪಿದ ದಿನ ಏನು ಮಾಡ್ಬೇಕು ಅಂತ ಗೆಳೆಯರು ಕೇಳ್ತಾರೆ. ಮೈಯಲ್ಲಿ ಕೂಡಿಟ್ಟ ಪಿಷ್ಟದ ದಾಸ್ತಾನು ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಹಿಡ್ಕೊಂಡಿರುತ್ತೆ. ಅದಕ್ಕೇ ಮೊದಲ ವಾರ ತೂಕ ದಡದಡ ಇಳಿಯೋದು, ಒಂದು ಮದುವೆ ಊಟಕ್ಕೆ ಮತ್ತೆ ಕೆ.ಜಿ.ಗಟ್ಟಲೆ ಏರೋದು. ಅದರಲ್ಲಿ ಬಹುಪಾಲು ನೀರು ಮಾರಾಯ್ರೇ, ಕೊಬ್ಬಲ್ಲ! ತಕ್ಕಡಿ ನೋಡಿ ಗಾಬರಿಯಾಗಿ ಎಲ್ಲ ಬಿಟ್ಟವರೇ ಹೆಚ್ಚು. ಗುಬ್ಬಿ ವೀರಣ್ಣನವರ ತಾಲ್ಲೂಕಿನವರು ನಾವು. ರಂಗದ ಮೇಲೆ ಮಾತು ಮರೆತ ನಟ ಪರದೆ ಇಳಿಸಿ ಮನೆಗೆ ಹೋಗ್ತಾನಾ? ಮುಂದಿನ ಮಾತು ಹಿಡಿದು ಆಟ ನಡೆಸ್ತಾನೆ. ರಾತ್ರಿ ಹೋಳಿಗೆ ಆಯ್ತಾ, ಬೆಳಿಗ್ಗೆ ಮತ್ತೆ ಮೊಟ್ಟೆ, ಸೊಪ್ಪು. ಕಥೆ ಮುಂದುವರೀತು!

* * *

ಈಗ ಸಿಕ್ಸ್ ಪ್ಯಾಕ್ ತಮ್ಮಂದಿರಿಗೆ ಒಂದು ಮಾತು. ‘ದಂಗಲ್’ಗಾಗಿ (2016) ಆಮೀರ್ ಖಾನ್ ತೂಕ ಏರಿಸಿ ಇಳಿಸಿದರು, ನಿಜ. ಅವರ ಬೆನ್ನಿಗೆ ತರಬೇತುದಾರರು, ಊಟದ ತಜ್ಞರು ಇದ್ರು. ನಮ್ಮ ಬೆನ್ನಿಗೆ ಯಾರಿದ್ದಾರೆ? ಮೊಬೈಲು! ಪಿಷ್ಟ ಪೂರ್ತಿ ಬಿಟ್ಟು ಬರೀ ಕೊಬ್ಬು ತಿನ್ನೋ ಕೀಟೋ ಹುಚ್ಚು ಹಿಡಿಸ್ಕೊಳ್ಳೋ ಮೊದಲು ಇದು ನೆನಪಿರಲಿ. 2020ರ ಅಕ್ಟೋಬರ್‌ನಲ್ಲಿ ನಟಿ ಮಿಷ್ಟಿ ಮುಖರ್ಜಿ ಕಿಡ್ನಿ ವೈಫಲ್ಯದಿಂದ ನಮ್ಮ ಬೆಂಗಳೂರಿನಲ್ಲೇ ತೀರಿಕೊಂಡರು. ಕೀಟೋ ಡಯಟ್ಟೇ ಕಾರಣ ಅಂತ ಅವರ ಕಡೆಯವರು ಪತ್ರಿಕೆಗಳಿಗೆ ತಿಳಿಸಿದರು. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು, ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಊಟ ಬದಲಾಯಿಸಲೇಬಾರದು. ಮಾತ್ರೆ ಅಷ್ಟೇ ಇದ್ದು ಮುದ್ದೆ ಮಾತ್ರ ನಿಂತ್ರೆ ಸಕ್ಕರೆ ಕುಸಿದು ಮನುಷ್ಯ ಬಿದ್ದೇ ಹೋಗಬಹುದು.

ಪವಾಡವೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನ ಎರಡು ಗುಂಪು ಮಾಡಿ, ಒಬ್ಬರಿಗೆ ಪಿಷ್ಟ ಕಡಿಮೆ, ಇನ್ನೊಬ್ಬರಿಗೆ ಕೊಬ್ಬು ಕಡಿಮೆ ಊಟ ಹೇಳಿ ವರ್ಷ ಪೂರ್ತಿ ನೋಡಿದ್ರು. 2018ರಲ್ಲಿ ಫಲಿತಾಂಶ ಬಂತು. ಸರಾಸರಿ ಇಳಿದಿದ್ದು ಒಂದು ಕಡೆ 6 ಕೆ.ಜಿ., ಇನ್ನೊಂದು ಕಡೆ 5.3. ಹೆಚ್ಚು ಕಡಿಮೆ ಸರಿಸಮ! ಹಾಗಾಗಿ ವರ್ಷವಿಡೀ ನೀವು ನಡೆಸೋಕಾಗೋ ಊಟವೇ ಒಳ್ಳೇ ಊಟ. ಮೊದಲ ವಾರ ಹೌಸ್‌ಫುಲ್ ಆಗಿ ಎರಡನೇ ವಾರ ಎತ್ತಂಗಡಿಯಾಗೋ ಚಿತ್ರ ಯಾರಿಗೆ ಬೇಕು? ನೂರು ದಿನ ಓಡ್ಬೇಕು!

ನನ್ನ ಚಿತ್ರ ನೂರು ದಿನ ದಾಟಿದೆ. ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸ್ದೆ, 5.9 ಬಂತು. ಗಡಿ ಇನ್ನೂ ದಾಟಿಲ್ಲ. ಆದ್ರೆ ಮುಖ ತಿರುಗಿರೋದು ಮನೆ ಕಡೆಗೆ. ನಿಮ್ಮನೆಯಲ್ಲೂ ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಇದ್ರೆ, ಮುಂದಿನ ಚಿತ್ರದ ಮೊದಲ ದಿನದ ಟಿಕೆಟ್ ಕೊಳ್ಳೋ ಮುಂಚೆ ಆ ರಕ್ತ ಪರೀಕ್ಷೆಗೆ ಒಂದು ಬೆಳಿಗ್ಗೆ ಕೊಡಿ. ಟಿಕೆಟ್ ಎರಡನೇ ದಿನವೂ ಸಿಗುತ್ತೆ. ಕಾಲಿನ ಬೆರಳು ಸಿಗಲ್ಲ.

ಮುಂದಿನ ವಾರ ಸಿಗೋಣ. ಟೀ ಕುಡೀರಿ, ಸಕ್ಕರೆ ಬಿಟ್ಟು!